ಬಿದರಿ ಕಲೆಯೂ ನಿಯೆಲ್ಲೊ ಕಲೆಯೂ

೧

ಮುಂಬಯಿ ನಗರದಲ್ಲಿ ನೂರು ವರ್ಷಕ್ಕೂ ಮಿಕ್ಕು ಬಾಳಿದ ಎರಡು ವಸ್ತುಸಂಗ್ರಹಾಲಯಗಳಿವೆ. ಬೈಕಳಾದ ರಾಣಿ ಬಾಗಿನಲ್ಲಿ ೧೮೭೨ರಲ್ಲಿ ತೆರೆದ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಸಂಗ್ರಹಾಲಯ ಮೊದಲನೆಯದು; ೧೯೭೫ರಿಂದ ಅದಕ್ಕೆ ಡಾ. ಭಾವು ದಾಜಿ ಲಾಡ್ ಅವರ ಹೆಸರು. ಕೋಟೆ ವಿಭಾಗದಲ್ಲಿ ೧೯೨೨ರ ಜನವರಿಯಲ್ಲಿ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಸಂಗ್ರಹಾಲಯ ಎರಡನೆಯದು. ಅದು ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೆನಿಸಿದೆ. ಇವುಗಳ ಲೋಹವಸ್ತುಗಳ ನಡುವೆ, ಹಿತ್ತಾಳೆ ತಾಮ್ರಗಳ ಹೊಳಪಿನ ಮಗ್ಗುಲಲ್ಲಿ, ಇದ್ದಿಲಿನಂತೆ ಕಪ್ಪಾದ ಮೈಯ ಮೇಲೆ ಬೆಳ್ಳಿಯ ಹೂಬಳ್ಳಿ ಹರಿದ ಪಾತ್ರೆಗಳು ನೋಡುವವರ ಕಣ್ಣನ್ನು ತಡೆದು ನಿಲ್ಲಿಸುತ್ತವೆ. ಇವು ಬಿದರಿ ಪಾತ್ರೆಗಳು. ಮಾಟುಂಗದಿಂದಲೋ ಡೊಂಬಿವಲಿಯಿಂದಲೋ ಭಾನುವಾರ ಮಕ್ಕಳೊಡನೆ ಬಂದ ಕನ್ನಡಿಗ ಕುಟುಂಬಗಳು ಇವುಗಳ ಮುಂದೆ ಕ್ಷಣಕಾಲ ನಿಂತು ಮುಂದೆ ಸಾಗುವುದುಂಟು. ಆ ವಸ್ತುವಿನ ಹೆಸರಿನಲ್ಲಿಯೇ ಕನ್ನಡ ನಾಡಿನ ಒಂದು ಊರು ಅಡಗಿದೆಯೆಂಬ ಸಂಗತಿ ಎಲ್ಲರ ಗಮನಕ್ಕೂ ಬರುವುದಿಲ್ಲ. ಬೀದರಿಗೆ ಸೇರಿದ್ದು ಎಂಬ ಅರ್ಥದ ಪಾರಸಿ ರೂಪವೇ ಬಿದರಿ. ಬೀದರ ಎಂಬ ಊರಿನ ಹೆಸರಾದರೋ ಕನ್ನಡದ ಬಿದಿರಿನಿಂದ ಬಂದಿತೆಂದು ಹಲವರು ಹೇಳುವರು.

ಪಾಶ್ಚಾತ್ಯ ಲೋಹಕಲೆಯನ್ನು ಬಲ್ಲ ಸಂಗ್ರಾಹಕರು ಬಿದರಿಯನ್ನು ಮೊದಲ ಸಲ ಕಂಡಾಗ ಅವರಿಗೆ ನೆನಪಾಗುವುದು ನಿಯೆಲ್ಲೊ ಎಂಬ ಕಲೆ. ಎರಡರಲ್ಲಿಯೂ ಬೆಳ್ಳಿಯಿದೆ, ಎರಡರಲ್ಲಿಯೂ ಕಪ್ಪಿದೆ. ಎರಡರ ಸೊಬಗೂ ಆ ಎರಡು ಬಣ್ಣಗಳ ಮುಖಾಮುಖಿಯಲ್ಲಿದೆ. ಹೋಲಿಕೆ ಮೇಲುನೋಟಕ್ಕೆ ಸಹಜವೇ ಸರಿ. ಆದರೆ ವಿಚಾರಿಸಿ ನೋಡಿದರೆ ಇವು ಒಂದಕ್ಕೊಂದು ತೀರ ವಿರುದ್ಧವಾದ ಕಲೆಗಳು. ನಿಯೆಲ್ಲೊದಲ್ಲಿ ಬೆಳ್ಳಿಯೇ ನೆಲ, ಕಪ್ಪು ಚಿತ್ರ. ಬಿದರಿಯಲ್ಲಿ ಕಪ್ಪೇ ನೆಲ, ಬೆಳ್ಳಿ ಚಿತ್ರ. ಈ ವ್ಯತ್ಯಾಸ ಕೇವಲ ಕೈಕೆಲಸದ ವ್ಯತ್ಯಾಸವಲ್ಲ. ಆ ವಸ್ತುಗಳ ಬೆಲೆ ಹೇಗೆ ನಿಂತಿತು, ಅವು ಹೇಗೆ ಉಳಿದುಬಂದವು, ಅವನ್ನು ಮಾಡಿದವರ ಹೆಸರು ಉಳಿಯಿತೋ ಅಳಿಯಿತೋ ಎಂಬ ಪ್ರಶ್ನೆಗಳೂ ಇದರೊಡನೆ ಹೆಣೆದುಕೊಂಡಿವೆ.

೨

ನಿಯೆಲ್ಲೊ ಎಂಬುದು ಇಟಲಿಯ ಮಾತು. ಕರಿಯದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಬೆಳ್ಳಿ, ತಾಮ್ರ, ಸೀಸಗಳನ್ನು ಕರಗಿಸಿ ಅದಕ್ಕೆ ಗಂಧಕವನ್ನು ಬೆರೆಸಿದರೆ ಕಪ್ಪಾದ, ಸುಲಭವಾಗಿ ಪುಡಿಯಾಗುವ ಒಂದು ಪದಾರ್ಥ ದೊರೆಯುತ್ತದೆ. ಅಕ್ಕಸಾಲಿಗನು ಬೆಳ್ಳಿಯ ತಟ್ಟೆಯ ಮೇಲೋ ಕರಂಡಕದ ಮೇಲೋ ಉಳಿಯಿಂದ ಚಿತ್ರ ಕೊರೆದು, ಆ ಗೆರೆಗಳಲ್ಲಿ ಈ ಪುಡಿಯನ್ನು ತುಂಬಿ, ಪಾತ್ರೆಯನ್ನು ಕಾಯಿಸುತ್ತಾನೆ. ಪುಡಿ ಕರಗಿ ಗೆರೆಗಳನ್ನು ಹಿಡಿದುಕೊಳ್ಳುತ್ತದೆ. ಆರಿದ ಮೇಲೆ ಹೆಚ್ಚಾದುದನ್ನು ಅರದಿಂದ ತೆಗೆದು ಉಜ್ಜಿದರೆ ಬಿಳಿಯ ಬೆಳ್ಳಿಯ ಮೇಲೆ ಶಾಯಿಯಿಂದ ಬರೆದಂತಹ ಕಪ್ಪು ಚಿತ್ರ ನಿಲ್ಲುತ್ತದೆ.

ಇದು ಬಹು ಪ್ರಾಚೀನವಾದ ವಿದ್ಯೆ. ಬೆಳ್ಳಿ, ತಾಮ್ರ, ಗಂಧಕಗಳನ್ನು ಕೂಡಿಸಿ ಬೆಳ್ಳಿಗೆ ಕಪ್ಪು ಬಣ್ಣ ಕೊಡುವ ಈಜಿಪ್ಟಿನವರ ಕ್ರಮವನ್ನು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಪ್ಲೀನಿ ಹೇಳಿದ್ದಾನೆ. ಹನ್ನೆರಡನೆಯ ಶತಮಾನದ ಥಿಯೋಫಿಲಸನೆಂಬ ಸಂನ್ಯಾಸಿಯ ಗ್ರಂಥದಲ್ಲಿ ಇದರ ಪಾಕಕ್ರಮ ಸವಿಸ್ತಾರವಾಗಿದೆ. ಹದಿನೈದನೆಯ ಶತಮಾನದ ಫ್ಲಾರೆನ್ಸ್ ನಗರದಲ್ಲಿ ಈ ಕಲೆ ಉಚ್ಛ್ರಾಯಕ್ಕೇರಿತು. ಮಾಸೊ ಫಿನಿಗುವೆರ್ರಾ ಎಂಬ ಅಕ್ಕಸಾಲಿಗನು ತನ್ನ ನಿಯೆಲ್ಲೊ ಕೆಲಸದ ಅಚ್ಚನ್ನು ಕಾಗದದ ಮೇಲೆ ತೆಗೆದುದರಿಂದಲೇ ತಾಮ್ರಪಟದ ಮುದ್ರಣಕಲೆ ಹುಟ್ಟಿತೆಂದು ಚಿತ್ರಕಾರರ ಚರಿತ್ರೆಯನ್ನು ಬರೆದ ವಸಾರಿ ನಂಬಿದ್ದನು. ಅನಂತರದ ವಿದ್ವಾಂಸರು ಆ ಮಾತನ್ನು ಒಪ್ಪಿಲ್ಲ. ಆದರೂ ಆ ಅಕ್ಕಸಾಲಿಗನ ಹೆಸರು ಇಂದಿಗೂ ಉಳಿದಿದೆ. ರಷ್ಯ ದೇಶದ ಉತ್ತರದ ವೆಲಿಕಿ ಉಸ್ತ್ಯೂಗ್ ಪಟ್ಟಣವೂ ಥಾಯ್ಲೆಂಡಿನ ದಕ್ಷಿಣದ ನಖೋನ್ ಸಿ ಥಮ್ಮರಾತ್ ಪಟ್ಟಣವೂ ಈ ಕಲೆಗೆ ಹೆಸರಾದುವು.

ಸಂಗ್ರಾಹಕರಿಗೆ ನಿಯೆಲ್ಲೊ ಪ್ರಿಯವಾದುದಕ್ಕೆ ಅದರ ಅಂದವೊಂದೇ ಕಾರಣವಲ್ಲ. ಅದು ಬೆಳ್ಳಿಯ ವಸ್ತು. ಬೆಳ್ಳಿಯ ಶುದ್ಧಿಯನ್ನು ರಾಜ್ಯಾಧಿಕಾರ ಪರೀಕ್ಷಿಸಿ ಮುದ್ರೆಯೊತ್ತುವ ಪದ್ಧತಿ ಯೂರೋಪಿನ ಹಲವು ನಾಡುಗಳಲ್ಲಿ ಬಹುಕಾಲದಿಂದ ಇತ್ತು. ಹತ್ತೊಂಬತ್ತನೆಯ ಶತಮಾನದ ಒಂದು ರಷ್ಯನ್ ನಶ್ಯದ ಡಬ್ಬಿಯ ತಳವನ್ನು ತಿರುಗಿಸಿ ನೋಡಿದರೆ ಊರಿನ ಮುದ್ರೆ, ಬೆಳ್ಳಿಯ ಶುದ್ಧಿಯನ್ನು ತಿಳಿಸುವ ಅಂಕೆ, ಪರೀಕ್ಷಕನ ಗುರುತು, ಅಕ್ಕಸಾಲಿಗನ ಹೆಸರಿನ ಮೊದಲಕ್ಷರಗಳು ಸಾಮಾನ್ಯವಾಗಿ ಸಿಗುತ್ತವೆ, ಇಸವಿಯೂ ಇರುವುದುಂಟು. ಸಂಗ್ರಾಹಕನು ವಸ್ತುವಿನ ಕುಲ, ಗೋತ್ರ, ವಯಸ್ಸುಗಳನ್ನು ಅದರ ಮೈಯಿಂದಲೇ ಓದಬಲ್ಲನು. ಸಹಿಯಿರುವ ದಸ್ತಾವೇಜಿಗೂ ಇಲ್ಲದ ಕಾಗದಕ್ಕೂ ಇರುವ ಅಂತರವೇ ಇಲ್ಲಿಯೂ ಉಂಟು.

೩

ಬಿದರಿಯ ರೀತಿಯೇ ಬೇರೆ. ಅದರ ಒಡಲು ಬೆಳ್ಳಿಯದಲ್ಲ, ಸತುವಿನದು. ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಯುತ್ತದೆ. ಹಳೆಯ ಪಾತ್ರೆಗಳಲ್ಲಿ ಸೀಸ ತವರಗಳ ಅಂಶವೂ ಕಂಡುಬಂದಿದೆ. ಮಣ್ಣಿಗೆ ಹರಳೆಣ್ಣೆಯನ್ನೂ ರಾಳವನ್ನೂ ಸೇರಿಸಿ ಹದಗೊಳಿಸಿದ ಅಚ್ಚಿನಲ್ಲಿ ಈ ಮಿಶ್ರಣವನ್ನು ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಹೊರಬಂದ ಪಾತ್ರೆ ಮಸುಕಾದ ಬೂದುಬಣ್ಣದ್ದು. ಅದರಲ್ಲಿ ನೋಡತಕ್ಕ ಚೆಲುವೇನೂ ಇರುವುದಿಲ್ಲ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರನ್ನು ಬಳಿದರೆ ತಾತ್ಕಾಲಿಕವಾದ ಕಪ್ಪು ಬರುತ್ತದೆ. ಕಸಬುದಾರನು ಆ ಕಪ್ಪಿನ ಮೇಲೆ ಮೊನೆಯಾದ ಉಕ್ಕಿನ ಕಡ್ಡಿಯಿಂದ, ಕೈಬಿಡಿಯಾಗಿ, ಬಳ್ಳಿ ಹೂಗಳ ರೇಖೆಯನ್ನು ಗೀರುತ್ತಾನೆ. ಅನಂತರ ಸಣ್ಣ ಉಳಿಗಳಿಂದ ಆ ರೇಖೆಗಳನ್ನು ಕೊರೆಯುವನು. ಕೊರೆದ ಕಾಲುವೆಯಲ್ಲಿ ಅಚ್ಚ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾನೆ. ಬೆಸುಗೆಯಿಲ್ಲ, ಅಂಟಿಲ್ಲ, ಮೆದುವಾದ ಬೆಳ್ಳಿ ಕಾಲುವೆಯ ಅಂಚಿಗೆ ಒತ್ತಿಕೊಂಡು ಕಚ್ಚಿ ನಿಲ್ಲುತ್ತದೆ.

ಈ ಕೂರಿಸುವ ಕೆಲಸದಲ್ಲಿ ಹಲವು ಬಗೆಗಳುಂಟು. ತಂತಿಯನ್ನು ಕೂರಿಸುವುದು ತಾರಕಶಿ. ತಗಡಿನ ತುಂಡುಗಳನ್ನು ನೆಲಮಟ್ಟಕ್ಕೆ ಕೂರಿಸುವುದು ತಹನಿಶಾನ್. ಬೆಳ್ಳಿ ಮೇಲೆದ್ದು ಕಾಣುವುದಾದರೆ ಅದು ಜರ್‌ಬುಲಂದ್. ಪಾತ್ರೆಯ ಮೈಯನ್ನು ಬೆಳ್ಳಿಯ ತಗಡಿನಿಂದ ಹೊದಿಸಿ, ಅದರಲ್ಲಿ ಹೂವಿನಾಕಾರವನ್ನು ಕತ್ತರಿಸಿ, ಆ ಕಿಂಡಿಯಲ್ಲಿ ಕಪ್ಪು ಕಾಣುವಂತೆ ಮಾಡುವ ಕ್ರಮಕ್ಕೆ ಆಫ್ತಾಬಿ ಎಂದು ಹೆಸರು. ಬಿದರಿ ನಿಯೆಲ್ಲೊಗೆ ಅತ್ಯಂತ ಸಮೀಪ ಬರುವುದು ಈ ಆಫ್ತಾಬಿಯಲ್ಲಿಯೇ. ಇಲ್ಲಿ ಚಿತ್ರ ಕಪ್ಪಾಗಿ, ಸುತ್ತಲಿನ ಬಯಲು ಬೆಳ್ಳಿಯಾಗಿ ತೋರುತ್ತದೆ. ಸಂಗ್ರಾಹಕರು ಗೊಂದಲಕ್ಕೀಡಾಗುವುದು ಇಂತಹ ಪಾತ್ರೆಗಳನ್ನು ಕಂಡಾಗ. ಆದರೆ ಪಾತ್ರೆಯನ್ನು ಕೈಗೆತ್ತಿಕೊಂಡು ತಳವನ್ನೂ ಒಳಮೈಯನ್ನೂ ನೋಡಿದರೆ ಸಂಶಯ ತೀರುತ್ತದೆ. ನಿಯೆಲ್ಲೊ ಪಾತ್ರೆಯ ಒಳಗೆಲ್ಲ ಬೆಳ್ಳಿ. ಬಿದರಿಯ ಒಳಗೆ ಎರಕದ ಸತು. ನಿಯೆಲ್ಲೊದಲ್ಲಿ ಕಪ್ಪನ್ನು ಹೊರಗಿನಿಂದ ತಂದು ತುಂಬಿದ್ದಾರೆ. ಬಿದರಿಯಲ್ಲಿ ಪಾತ್ರೆಯ ಮೈಯೇ ಕಪ್ಪಾಗಿದೆ.

ಸತು ಸಹ ಸಾಮಾನ್ಯ ಲೋಹವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅದರ ಅದಿರನ್ನು ಕಾಯಿಸಿ ಲೋಹವನ್ನು ಪಡೆಯುವುದು ಬಹುಕಾಲ ಜಗತ್ತಿಗೆ ಕಷ್ಟವಾಗಿತ್ತು. ಸುಮಾರು ೯೦೭ ಡಿಗ್ರಿ ಶಾಖಕ್ಕೆ ಸತು ಕುದಿದು ಆವಿಯಾಗುವುದರಿಂದ, ಅದು ಕುಲುಮೆಯ ತಳದಲ್ಲಿ ಸೇರುವ ಬದಲು ಹೊಗೆಯಾಗಿ ಹೋಗಿಬಿಡುತ್ತಿತ್ತು. ರಾಜಸ್ಥಾನದ ಜಾವರಿನ ಗಣಿಗಾರರು ಬದನೆಕಾಯಿಯಾಕಾರದ ಮಣ್ಣಿನ ಪಾತ್ರೆಗಳಲ್ಲಿ ಅದಿರನ್ನು ಕಾಯಿಸಿ, ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುವ ಉಪಾಯವನ್ನು ಮಧ್ಯಯುಗದಲ್ಲಿಯೇ ಸಿದ್ಧಿಸಿಕೊಂಡಿದ್ದರು. ರಸರತ್ನಸಮುಚ್ಚಯವೆಂಬ ಸಂಸ್ಕೃತ ಗ್ರಂಥದಲ್ಲಿಯೂ ಈ ಕ್ರಮದ ವರ್ಣನೆಯಿದೆ. ಇಂಗ್ಲೆಂಡಿನಲ್ಲಿ ವಿಲಿಯಂ ಚಾಂಪಿಯನ್ ಇಂತಹದೇ ಕ್ರಮಕ್ಕೆ ಹಕ್ಕುಪತ್ರ ಪಡೆದುದು ೧೭೩೮ರಲ್ಲಿ. ಚೀನದ ಸತುವೂ ಯೂರೋಪಿಯನ್ ಹಡಗುಗಳಲ್ಲಿ ಭಾರತದ ಬಂದರುಗಳಿಗೆ ಬರುತ್ತಿತ್ತು. ಯೂರೋಪಿನವರು ಇನ್ನೂ ಸತುವನ್ನು ಪ್ರತ್ಯೇಕಿಸಲು ಪ್ರಯತ್ನಿಸುತ್ತಿದ್ದ ಕಾಲದಲ್ಲಿ ದಖ್ಖನಿನ ಕಸಬುದಾರರು ಅದರಿಂದ ಹುಕ್ಕದ ಬುರುಡೆಗಳನ್ನು ಎರೆದು ಬೆಳ್ಳಿಯ ಹೂಗಳನ್ನು ಅರಳಿಸಿದ್ದರು.

೪

ಬೆಳ್ಳಿಯನ್ನು ಕೂರಿಸಿ ನುಣುಪು ಮಾಡಿದ ಪಾತ್ರೆಯಲ್ಲಿ ಮೈಲುತುತ್ತದ ಕಪ್ಪು ಅಳಿಸಿಹೋಗಿರುತ್ತದೆ. ಬೂದುಬಣ್ಣದ ಸತುವಿನಲ್ಲಿ ಬಿಳಿಯ ಬೆಳ್ಳಿ ಹೆಚ್ಚುಕಡಿಮೆ ಕಾಣದಂತಿರುತ್ತದೆ. ಬಿದರಿಯ ನಿಜವಾದ ರಹಸ್ಯ ಈಗ ಪ್ರಾರಂಭವಾಗುತ್ತದೆ. ಬೀದರಿನ ಕೋಟೆಯ ಹಳೆಯ ಗೋಡೆಗಳ ಮರೆಯಲ್ಲಿ, ಬಿಸಿಲೂ ಮಳೆಯೂ ಬೀಳದೆ ಎಷ್ಟೋ ಕಾಲದಿಂದ ಇದ್ದ ಮಣ್ಣನ್ನು ತಂದು, ನವಸಾಗರವನ್ನೂ ನೀರನ್ನೂ ಸೇರಿಸಿ ಕಲಸುತ್ತಾರೆ. ಪಾತ್ರೆಯನ್ನು ಸ್ವಲ್ಪ ಬಿಸಿಮಾಡಿ ಈ ಕೆಸರನ್ನು ಉಜ್ಜಿದೊಡನೆ ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಹಚ್ಚಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ. ಮಣ್ಣು ತಕ್ಕದ್ದೋ ಅಲ್ಲವೋ ಎಂಬುದನ್ನು ಕಸಬುದಾರರು ನಾಲಗೆಯ ತುದಿಗೆ ಹಚ್ಚಿ ರುಚಿ ನೋಡಿ ನಿರ್ಣಯಿಸುವರು.

ಈ ಮಣ್ಣಿನ ಮಹಿಮೆಯ ಬಗ್ಗೆ ಬಹಳ ಮಾತುಗಳು ಹಬ್ಬಿವೆ. ಬೀದರಿನ ಮಣ್ಣಿಲ್ಲದೆ ಬಿದರಿಯಿಲ್ಲವೆಂಬುದು ಜನರ ನಂಬಿಕೆ. ಆದರೆ ಇತಿಹಾಸವನ್ನು ಬರೆಯುವವರು ಅಭಿಮಾನಕ್ಕೆ ಮಣಿದು ಸಾಕ್ಷ್ಯವನ್ನು ಮರೆಯಬಾರದು. ಬಿದರಿಯ ಮಾದರಿಯ ಕೆಲಸ ಲಖನೌ, ಮುರ್ಶಿದಾಬಾದ್, ಬಿಹಾರದ ಪೂರ್ಣಿಯಾಗಳಲ್ಲಿಯೂ ನಡೆಯುತ್ತಿತ್ತು. ಪೂರ್ಣಿಯಾ ಜಿಲ್ಲೆಯನ್ನು ೧೮೦೯-೧೦ರಲ್ಲಿ ಪರಿಶೀಲಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕಸಬನ್ನು ವರ್ಣಿಸಿದ್ದಾನೆ. ಮೈಸೂರು ಪ್ರಾಂತವನ್ನು ಸುತ್ತಿ ಬರೆದ, ಕನ್ನಡಿಗರಿಗೆ ಪರಿಚಿತನಾದ ಬುಕಾನನ್ನನೇ ಈತ. ಬೆಂಗಳೂರಿನ ಲಾಲ್‌ಬಾಗಿನೊಡನೆ ಸಂಬಂಧವಿದ್ದ ಬೆಂಜಮಿನ್ ಹೈನೆಯೂ ೧೮೧೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಿದರಿಯ ಲೋಹಮಿಶ್ರಣವನ್ನು ಚರ್ಚಿಸಿದ್ದಾನೆ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಲಂಡನ್ನಿನ ಸಂಶೋಧಕರು ಹಳೆಯ ಪಾತ್ರೆಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ, ಕಪ್ಪಿಗೆ ಮೂಲ ಸತುವಿನಲ್ಲಿರುವ ತಾಮ್ರವೆಂದು ತಿಳಿದುಬಂತು. ನವಸಾಗರದ ಕೆಸರು ಮೇಲ್ಮೈಯ ಸತುವನ್ನು ಕರಗಿಸಿ ತೆಗೆಯುತ್ತದೆ. ಉಳಿದ ತಾಮ್ರದ ಅಂಶ ಕಪ್ಪಾದ ಪೊರೆಯಾಗಿ ನಿಲ್ಲುತ್ತದೆ. ತಾಮ್ರವಿಲ್ಲದ ಬರಿಯ ಸತುವಿಗೆ ಈ ಕಪ್ಪು ಏರುವುದಿಲ್ಲ. ಹಳೆಯ ಗೋಡೆಗಳ ಮಣ್ಣಿನಲ್ಲಿ ಸೇರಿರುವ ಪೆಟ್ಲುಪ್ಪಿನಂತಹ ಲವಣಗಳು ಈ ಕಾರ್ಯಕ್ಕೆ ನೆರವಾಗುತ್ತವೆ.

ಇದರಿಂದ ಬೀದರಿನ ಗೌರವಕ್ಕೆ ಕುಂದೇನೂ ಇಲ್ಲ. ನೂರರಲ್ಲಿ ಐದಾರು ಪಾಲು ತಾಮ್ರ ಬೆರೆತ ಸತುವೇ ಬೇಕು, ಇಂತಹ ಗೋಡೆಯ ಮಣ್ಣೇ ಬೇಕು, ಇಷ್ಟೇ ಬಿಸಿ ಬೇಕು ಎಂಬುದನ್ನು ತಕ್ಕಡಿಯೂ ಉಷ್ಣಮಾಪಕವೂ ಇಲ್ಲದೆ ನಾಲಗೆಯಿಂದಲೂ ಬೆರಳಿನಿಂದಲೂ ಕಂಡುಕೊಂಡವರ ಬುದ್ಧಿ ಮಣ್ಣಿನ ಮಹಿಮೆಗಿಂತ ದೊಡ್ಡದು. ಮಣ್ಣನ್ನು ಹೊಗಳುವ ಸಂಭ್ರಮದಲ್ಲಿ ಆ ಮನುಷ್ಯರನ್ನು ಮರೆಯುವ ಅಪಾಯವಿದೆ.

೫

ಬಿದರಿಯ ಹುಟ್ಟನ್ನು ಕುರಿತು ಐತಿಹ್ಯಗಳು ಒಂದಕ್ಕಿಂತ ಹೆಚ್ಚು. ಬೀದರನ್ನಾಳಿದ ಹಿಂದೂ ಅರಸನೊಬ್ಬನು ದೇವರ ಪೂಜೆಯ ಹೂಗಳಿಗಾಗಿ ಇಂತಹ ಪಾತ್ರೆಗಳನ್ನು ಮಾಡಿಸಿದನೆಂದು ಒಂದು ಕಥೆ. ಬಹಮನಿ ಅರಸರ ಕಾಲದಲ್ಲಿ ಇರಾನಿನಿಂದ ಬಂದ ಕುಶಲಿಯೊಬ್ಬನು ಇದನ್ನು ಕಲಿಸಿದನೆಂದು ಇನ್ನೊಂದು. ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಮೇಲೆ ಇರಾನಿನ ವಿದ್ವಾಂಸರೂ ಕಲಾವಿದರೂ ಅಲ್ಲಿಗೆ ಬಂದುದು ನಿಜ. ಆದರೆ ಇಂದು ಉಳಿದಿರುವ ಅತ್ಯಂತ ಹಳೆಯ ಬಿದರಿ ಪಾತ್ರೆಗಳು ಹದಿನಾರನೆಯ ಶತಮಾನದ ಕೊನೆ ಮತ್ತು ಹದಿನೇಳನೆಯ ಶತಮಾನಕ್ಕೆ ಸೇರಿದವು. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ, ಹದಿನಾರನೆಯ ಶತಮಾನದ ಅಲಿ ಬರೀದ್ ಶಾಹನ ಕಾಲದಲ್ಲಿ, ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಅಲಂಕಾರವಿದೆ. ಕಪ್ಪಿನೊಳಗೆ ಹೊಳಪನ್ನು ಹುದುಗಿಸುವ ಅದೇ ಅಭಿರುಚಿ ಕಲ್ಲಿನಲ್ಲಿಯೂ ಲೋಹದಲ್ಲಿಯೂ ಒಂದೇ ಊರಿನಲ್ಲಿ ಕಾಣುವುದು ಗಮನಾರ್ಹ.

ಬಿದರಿಯ ಇತಿಹಾಸವನ್ನು ತಿಳಿಯಲು ಅದರ ಆಕಾರಗಳೇ ಒಳ್ಳೆಯ ಸಾಧನ. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡು, ಸುಮಾರು ೧೬೦೪ರ ವೇಳೆಗೆ ಅದನ್ನು ಚಕ್ರವರ್ತಿಯ ಆಸ್ಥಾನಕ್ಕೆ ಒಯ್ದನು. ಹುಕ್ಕ ಸೇದುವ ಪದ್ಧತಿ ಹಬ್ಬಿದಂತೆಲ್ಲ ನೀರಿನ ಬುರುಡೆಗೆ ಬೇಡಿಕೆ ಹೆಚ್ಚಿತು. ಹದಿನೇಳನೆಯ ಶತಮಾನದ ಬುರುಡೆಗಳು ಚೆಂಡಿನಂತೆ ದುಂಡಗಿದ್ದವು. ಅವನ್ನು ನೆಲದ ಮೇಲೆ ನಿಲ್ಲಿಸಲು ಉಂಗುರವೊಂದು ಬೇಕಾಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ತಳ ಚಪ್ಪಟೆಯಾಗಿ ಗಂಟೆಯ ಆಕಾರ ಬಂದಿತು. ಆ ಕಾಲದ ವರ್ಣಚಿತ್ರಗಳಲ್ಲಿ ಅರಸರ ಮುಂದೆ ಕಾಣುವ ಹುಕ್ಕಗಳೊಡನೆ ಹೋಲಿಸಿಯೇ ವಿದ್ವಾಂಸರು ಈ ಪಾತ್ರೆಗಳ ಕಾಲವನ್ನು ನಿರ್ಣಯಿಸುವರು. ಹುಕ್ಕದೊಡನೆ ಪಾನದಾನಿ, ಪೀಕದಾನಿ, ಕೈತೊಳೆಯುವ ಬಟ್ಟಲು, ತಟ್ಟೆ, ಜಮಖಾನೆ ಹಾರದಂತೆ ಮೂಲೆಗಳಲ್ಲಿ ಇಡುವ ಭಾರದ ಗುಂಡುಗಳು ಮುಂತಾದುವೂ ಸಿದ್ಧವಾಗುತ್ತಿದ್ದವು.

ಬೀದರು ಬರೀದ್ ಶಾಹಿಗಳಿಂದ ೧೬೧೯ರಲ್ಲಿ ಬಿಜಾಪುರಕ್ಕೂ, ಆ ಶತಮಾನದ ನಡುಭಾಗದಲ್ಲಿ ಮೊಗಲರಿಗೂ, ಹದಿನೆಂಟನೆಯ ಶತಮಾನದಲ್ಲಿ ನಿಜಾಮರಿಗೂ ಸೇರಿತು. ಅರಸರು ಬದಲಾದರೂ ಕುಲುಮೆ ಆರಲಿಲ್ಲ. ಮೊಗಲರ ಪ್ರಭಾವದಿಂದ ಗಸಗಸೆ ಹೂ, ಐರಿಸ್ ಹೂಗಳು ಬೇರು ಎಲೆಗಳ ಸಮೇತ ಬಿಡಿಬಿಡಿಯಾಗಿ ಬುರುಡೆಯ ಮೇಲೆ ಅರಳಿದವು. ಕಂಪನಿಯ ಅಧಿಕಾರಿಗಳೂ ಹುಕ್ಕದ ಚಟವನ್ನು ಕಲಿತು ಗಿರಾಕಿಗಳಾದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಹುಕ್ಕವನ್ನು ಬಿಟ್ಟು ಚುಟ್ಟಕ್ಕೆ ತಿರುಗಿದಾಗ ಬಿದರಿಗೆ ದೊಡ್ಡ ಪೆಟ್ಟು ಬಿದ್ದಿತು. ಆಗ ಕಸಬುದಾರರು ಹೂದಾನಿ, ಸಿಗರೇಟು ಪೆಟ್ಟಿಗೆ, ಗುಂಡಿ ಮೊದಲಾದುವುಗಳಿಗೆ ಕೈಹಾಕಿದರು. ಇಂದು ಉಡುಗೊರೆಯ ಫಲಕಗಳೂ ಕಿವಿಯೋಲೆಗಳೂ ಆಗುತ್ತಿವೆ. ಹೀಗೆ ಬಿದರಿಯ ಆಕಾರ ಪ್ರತಿ ಕಾಲದಲ್ಲಿಯೂ ಕೊಳ್ಳುವವನ ಕೈಯನ್ನು ಅನುಸರಿಸಿದೆ; ಅದರ ಕಪ್ಪು ಬಿಳುಪು ಮಾತ್ರ ಮಾಡುವವನ ಕೈಯಲ್ಲಿಯೇ ಉಳಿದಿದೆ.

೬

ಈ ಕಲೆ ಬಳಕೆಯ ವಸ್ತುವಿನಿಂದ ಸಂಗ್ರಹದ ವಸ್ತುವಾಗಿ ಮಾರ್ಪಟ್ಟ ಚರಿತ್ರೆಯಲ್ಲಿ ಮುಂಬಯಿಗೆ ಒಂದು ಸ್ಥಾನವಿದೆ. ಲಂಡನ್ನಿನ ೧೮೫೧ರ ಮಹಾಪ್ರದರ್ಶನದಲ್ಲಿ ಬಿದರಿ ಪಾತ್ರೆಗಳು ಯೂರೋಪಿನ ಜನರ ಕಣ್ಣಿಗೆ ಬಿದ್ದವು. ಅಂತಹ ಪ್ರದರ್ಶನಗಳಿಂದ ಕೊಂಡ ವಸ್ತುಗಳು ಅಲ್ಲಿಯ ಸಂಗ್ರಹಾಲಯಗಳ ಭಾರತೀಯ ವಿಭಾಗಗಳಿಗೆ ತಳಹದಿಯಾದವು. ಭಾರತದ ಕೈಕಸಬುಗಳನ್ನು ಕುರಿತು ೧೮೮೦ರಲ್ಲಿ ಪ್ರಸಿದ್ಧ ಗ್ರಂಥವನ್ನು ಬರೆದ ಜಾರ್ಜ್ ಬರ್ಡ್‌ವುಡ್ ಹುಟ್ಟಿದುದು ೧೮೩೨ರಲ್ಲಿ, ಬೆಳಗಾವಿಯಲ್ಲಿ. ಅವನು ವೈದ್ಯನಾಗಿ ಮುಂಬಯಿಯಲ್ಲಿ ನೌಕರಿ ಮಾಡಿ, ಡಾ. ಭಾವು ದಾಜಿಯವರೇ ಮೊದಲಾದ ನಗರದ ಗಣ್ಯರೊಡನೆ ಸೇರಿ ಇಲ್ಲಿಯ ಸಂಗ್ರಹಾಲಯಕ್ಕೂ ರಾಣಿ ಬಾಗಿಗೂ ಅಸ್ತಿಭಾರ ಹಾಕಿಸುವುದಕ್ಕೆ ದುಡಿದನು. ತನ್ನ ಗ್ರಂಥದಲ್ಲಿ ಅವನು ಬಿದರಿಯನ್ನು ನಿಯೆಲ್ಲೊ ಎನ್ನಲಿಲ್ಲ; ಉಕ್ಕಿನಲ್ಲಿ ಚಿನ್ನ ಬೆಳ್ಳಿಗಳನ್ನು ಕೂರಿಸುವ ಡಮಾಸ್ಕಸ್ ಮಾದರಿಯ ಕೆಲಸದೊಡನೆ ಅದನ್ನು ಸೇರಿಸಿದನು. ಈ ವರ್ಗೀಕರಣ ಸತ್ಯಕ್ಕೆ ಹೆಚ್ಚು ಹತ್ತಿರವಾದುದು. ಗ್ಲಾಸ್ಗೊ ನಗರದ ೧೮೮೮ರ ಪ್ರದರ್ಶನಕ್ಕಾಗಿ ಪುಸ್ತಕ ಬರೆದ ತ್ರೈಲೋಕ್ಯನಾಥ ಮುಖರ್ಜಿಯವರೂ ಬಿದರಿಗೆ ತಕ್ಕ ಸ್ಥಾನ ಕೊಟ್ಟರು.

ಭಾರತೀಯ ಸಂಗ್ರಾಹಕರಲ್ಲಿ ಹೈದರಾಬಾದಿನ ಮೂರನೆಯ ಸಾಲಾರ್ ಜಂಗರು ಪ್ರಮುಖರು; ಅವರ ಹೆಸರಿನಲ್ಲಿ ೧೯೫೧ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಬಿದರಿಯ ದೊಡ್ಡ ಸಂಗ್ರಹವಿದೆ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಸಂಗ್ರಹಾಲಯ ತನ್ನ ಬಿದರಿ ಸಂಗ್ರಹವನ್ನು ಕುರಿತು ೧೯೮೫ರಲ್ಲಿ ಸೂಸನ್ ಸ್ಟ್ರಾಂಗ್ ಅವರ ಗ್ರಂಥವನ್ನು ಪ್ರಕಟಿಸಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ೨೦೧೫ರಲ್ಲಿ ನಡೆದ ದಖ್ಖನಿನ ಸುಲ್ತಾನರ ಕಲೆಯ ಪ್ರದರ್ಶನದಲ್ಲಿ ಹುಕ್ಕದ ಬುರುಡೆಗಳು ವಜ್ರಗಳ ಜೊತೆಯಲ್ಲಿ ಕಾಣಿಸಿಕೊಂಡವು.

ಮುಂಬಯಿಯ ಭೇಂಡಿ ಬಜಾರಿನ ಬದಿಯ ಮಟನ್ ಸ್ಟ್ರೀಟಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ವಸ್ತುಗಳನ್ನು ಅರಸುವವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳಿತು. ಹಳೆಯ ಬಿದರಿ ಅದರ ಗಾತ್ರಕ್ಕೆ ತಕ್ಕಂತೆ ಭಾರವಾಗಿರುತ್ತದೆ. ಸತು ಪೆಡಸಾದ ಲೋಹ; ಕೈಜಾರಿ ಬಿದ್ದರೆ ತಗ್ಗು ಬೀಳುವುದಿಲ್ಲ, ಒಡೆದೇ ಹೋಗುತ್ತದೆ. ಹಲವು ಪಾತ್ರೆಗಳಲ್ಲಿ ಬೆಳ್ಳಿ ಉದುರಿ ಖಾಲಿ ಕಾಲುವೆಗಳು ಕಾಣುತ್ತವೆ; ಅವು ದೋಷವಾದರೂ ಕೈಕೆಲಸದ ಸಾಕ್ಷಿಯೂ ಹೌದು. ಕಾಲ ಕಳೆದಂತೆ ಬೆಳ್ಳಿಯೂ ಮಾಸಿ ಕಪ್ಪಾಗುವುದರಿಂದ ಚಿತ್ರವೇ ಕಾಣದಾಗುವುದುಂಟು. ಆಗ ಹಿತ್ತಾಳೆ ತಿಕ್ಕುವ ದ್ರವದಿಂದ ಪಾತ್ರೆಯನ್ನೆಲ್ಲ ಉಜ್ಜಿದರೆ ಬೆಳ್ಳಿಯ ಕೊಳೆಯೊಡನೆ ಸತುವಿನ ಕಪ್ಪೂ ಹೋಗಿ, ಉಳಿಯುವುದು ಬರಿಯ ಬೂದು. ನೂರು ವರ್ಷ ಮೀರಿದ ಪಾತ್ರೆಗಳಿಗೆ ೧೯೭೨ರ ಪ್ರಾಚ್ಯವಸ್ತು ಶಾಸನ ಅನ್ವಯಿಸುತ್ತದೆ. ಅವನ್ನು ವಿದೇಶಕ್ಕೆ ಮಾರಿ ಸಾಗಿಸುವಂತಿಲ್ಲ.

೭

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ನಿಯೆಲ್ಲೊ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟರೆ ಅದರ ತೂಕವೇ ಅದರ ಬೆಲೆಯ ಒಂದು ಭಾಗ. ಕಷ್ಟಕಾಲದಲ್ಲಿ ಅದನ್ನು ಒತ್ತೆಯಿಡಬಹುದು, ಕರಗಿಸಿ ನಾಣ್ಯ ಮಾಡಬಹುದು. ಬೆಳ್ಳಿ ಪಾತ್ರೆಗಳ ಶತ್ರು ಅವುಗಳ ಬೆಳ್ಳಿಯೇ. ಯುದ್ಧಗಳಲ್ಲಿಯೂ ಸಾಲಗಳಲ್ಲಿಯೂ ಎಷ್ಟೋ ಕಲಾಕೃತಿಗಳು ಗಟ್ಟಿಗಳಾಗಿ ಹೋದವು. ಬಿದರಿಯ ಗತಿ ಹಾಗಲ್ಲ. ಅದರಲ್ಲಿರುವ ಬೆಳ್ಳಿ ಅಲ್ಪ. ಅದನ್ನು ಕೀಳುವ ಶ್ರಮಕ್ಕೆ ತಕ್ಕ ಫಲವಿಲ್ಲ. ಉಳಿದ ಸತುವಿಗೆ ಒತ್ತೆಯ ಅಂಗಡಿಯಲ್ಲಿ ಬೆಲೆಯಿಲ್ಲ. ಕರಗಿಸಿದರೆ ಬಿದರಿಯಲ್ಲಿ ಕಳೆದುಹೋಗುವುದು ಬಹುಮಟ್ಟಿಗೆ ಕೈಕೆಲಸವೊಂದೇ. ಆದುದರಿ೦ದ ಕರಗಿಸುವ ಆಸೆಯೂ ಕಡಿಮೆ. ಅದರ ಬೆಲೆ ಲೋಹದಲ್ಲಿಲ್ಲದೆ ದುಡಿಮೆಯಲ್ಲಿರುವುದೇ ಅದರ ಆಯುಷ್ಯವನ್ನು ಹೆಚ್ಚಿಸಿದೆ.

ಆದರೆ ಈ ಭಾಗ್ಯಕ್ಕೆ ಒಂದು ದಂಡವೂ ತೆರಬೇಕಾಯಿತು. ಬೆಳ್ಳಿಗೆ ಮುದ್ರೆಯೊತ್ತಿದ ರಾಜ್ಯಾಧಿಕಾರ ಸತುವಿನ ಕಡೆಗೆ ಕಣ್ಣೆತ್ತಲಿಲ್ಲ. ಮುದ್ರೆಯಿಲ್ಲವಾದ್ದರಿಂದ ಹೆಸರಿಲ್ಲ, ಇಸವಿಯಿಲ್ಲ. ಮಾಡಿದವನ ಹೆಸರನ್ನು ಹೊತ್ತ ಹಳೆಯ ಬಿದರಿ ಪಾತ್ರೆಗಳು ಬಹು ವಿರಳ. ಫ್ಲಾರೆನ್ಸಿನ ಅಕ್ಕಸಾಲಿಗನಿಗೆ ಸಲ್ಲದ ಕೀರ್ತಿಯೂ ಸಂದಿತು. ಬೀದರಿನ ಕಸಬುದಾರರಿಗೆ ಸಲ್ಲಬೇಕಾದುದೂ ಸಲ್ಲಲಿಲ್ಲ. ಸಂಗ್ರಾಹಕರು ಪಾತ್ರೆಗಳಿಗೆ ಕಾಲವನ್ನು ಕೊಟ್ಟರು, ಶೈಲಿಯನ್ನು ಕೊಟ್ಟರು, ಬೆಲೆಯನ್ನು ಕೊಟ್ಟರು. ತಮಗೆ ಕಾಣದ ಮನುಷ್ಯನಿಗೆ ಹೆಸರು ಕೊಡಲು ಮಾತ್ರ ಅವರಿಂದ ಆಗಲಿಲ್ಲ.

ಬೀದರ ಜಿಲ್ಲೆ ೧೯೫೬ರ ನವೆಂಬರ್ ಒಂದರಂದು ಕನ್ನಡ ರಾಜ್ಯಕ್ಕೆ ಸೇರಿತು. ಬಿದರಿಗೆ ೨೦೦೬ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಇದು ಮೇಲೆ ಹೇಳಿದ ಬೆಳ್ಳಿಯ ಮುದ್ರೆಗೆ ತಕ್ಕಮಟ್ಟಿಗೆ ಸಮಾನವಾದುದು, ಆದರೆ ಊರಿನ ಮುದ್ರೆ ಮಾತ್ರ, ಕೈಯ ಮುದ್ರೆಯಲ್ಲ. ಬೀದರಿನ ಹಿರಿಯ ಕುಶಲಿ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ, ನಾಲ್ಕು ಶತಮಾನಗಳಿಗೂ ಹಳೆಯದಾದ ಕಸಬಿನ ಒಬ್ಬ ಜೀವಂತ ಪ್ರತಿನಿಧಿಯ ಹೆಸರನ್ನು ನಾಡೆಲ್ಲ ಓದಿತು. ಪರಂಪರೆಯಿಂದ ಈ ಕಸಬನ್ನು ನಡೆಸಿ ಬಂದವರಲ್ಲಿ ಮುಸಲ್ಮಾನರೂ ಲಿಂಗಾಯತರೂ ಇದ್ದಾರೆ. ಕೆಲಸದ ಬಗೆಗಳ ಹೆಸರು ಪಾರಸಿ, ಊರಿನ ಹೆಸರು ಕನ್ನಡ, ಸತುವಿನ ವಿದ್ಯೆ ರಾಜಸ್ಥಾನದ್ದು, ಹೂವಿನ ಚಿತ್ರ ಮೊಗಲರದು. ಇಷ್ಟನ್ನೂ ಒಪ್ಪಿಕೊಂಡೇ ಬಿದರಿಯನ್ನು ಕನ್ನಡ ನಾಡಿನ ಕಲೆಯೆನ್ನಬೇಕು. ಕೆಲವನ್ನು ಮರೆಸಿ ಅದನ್ನು ತನ್ನದೆನ್ನುವ ಅಭಿಮಾನ ಕಾಲುವೆಯಿಂದ ಬೆಳ್ಳಿಯನ್ನು ಕಿತ್ತಂತೆ.

ಊರು ಬಿಟ್ಟು ಬಂದ ಕನ್ನಡಿಗರಿಗೆ ಈ ಪಾತ್ರೆಗಳಲ್ಲಿ ಓದತಕ್ಕ ಇನ್ನೊಂದು ಮಾತಿದೆ. ದೂರದ ಗಾಜಿನ ಕಪಾಟಿನಲ್ಲಿ ಕುಳಿತ ಈ ಬುರುಡೆಗಳೂ ಊರು ಬಿಟ್ಟು ಬಂದವುಗಳೇ. ಅವುಗಳ ಕೆಳಗಿನ ಚೀಟಿಯಲ್ಲಿ ದಖ್ಖನ್ ಎಂದೋ ಹೈದರಾಬಾದ್ ಎಂದೋ ಬರೆದಿದ್ದರೂ ಅವು ತಮ್ಮ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತಿವೆ. ಬೀದರಿನಲ್ಲಿ ಇಂದು ಕೊರೆಯಲ್ಪಡುವ ಪ್ರತಿಯೊಂದು ಪಾತ್ರೆಯ ತಳದಲ್ಲಿ ಕೊರೆದವನ ಹೆಸರೂ ಇಸವಿಯೂ ಇರುವಂತೆ ಕೊಳ್ಳುವವರು ಕೇಳಿ ಪಡೆದರೆ, ಮುಂದಿನ ಸಂಶೋಧಕರು ಊಹಿಸಬೇಕಾದ ಕೆಲಸ ಕಡಿಮೆಯಾಗುವುದು. ಅದಕ್ಕೆ ಒಂದು ಎಳೆ ಬೆಳ್ಳಿಯ ತಂತಿ ಸಾಕು.